ನೀಲತ್ತಿ ಹೊಲಿದ ಹುಳಗಳು

ಟಕ್, ಟಕ್, ಆಮೇಲೆ ಸರ್ರನೆ ಒಂದು ಎಳೆತ. ಬಿದಿರಿನ ಗಳದ ತುದಿಗೆ ಹಳೆಯ ಕಸಬರಿಗೆ ಕಟ್ಟಿ, ಜಂತಿಯಿಂದ ಜಂತಿಗೆ ಬಡಿಯುತ್ತ ಹೋಗುವ ಸದ್ದು ಅದು. ನನ್ನ ಬಾಲ್ಯದ ಸೋಮವಾರಗಳೆಲ್ಲ ಆ ಸದ್ದಿನಿಂದಲೇ ಶುರುವಾಗುತ್ತಿದ್ದವು. ಮೊನ್ನೆ ಜೇವರ್ಗಿ ಕಾಲೋನಿಯ ಈ ಮನೆಯಲ್ಲಿ ಕೆಲಸದಾಕೆ ಉದ್ದ ಕೋಲಿನ ಬ್ರಷ್ ಹಿಡಿದು ಸೀಲಿಂಗಿನ ಮೂಲೆಗೆ ಹಾಗೆಯೇ ಬಡಿದಳು. ನನ್ನ ಕೈಯಲ್ಲಿದ್ದ ಕಪ್ ಅಲುಗಿ ಚಹಾ ಸಾಸರಿಗೆ ಚೆಲ್ಲಿತು. "ಯಾಕ್ರೀ ಅಮ್ಮಾ, ಅಂಜಿದ್ರೇನು?" ಎಂದಳು. ಹೌದು, ಅಂಜಿದ್ದೆ. ಎಂಬತ್ತಾರು ದಾಟಿದ ಮೇಲೂ ಆ ಸದ್ದಿಗೆ ನನ್ನ ಬೆನ್ನು ಸೆಟೆಯುತ್ತದೆ. ಆ ಮೂಲೆಯದೊಂದು ಬಿಡು ಎಂದು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಜೇಡರ ಬಲೆ ಬ್ರಷ್ಷಿಗೆ ಸುತ್ತಿಕೊಂಡು ಹೋಗಿಯಾಗಿತ್ತು. ಹೇಳಬೇಕಾದದ್ದನ್ನು ಹೇಳಬೇಕಾದ ಹೊತ್ತಿಗೆ ಹೇಳದೆ ಇರುವುದು ನನ್ನ ಹಳೆಯ ಹ್ಯಾಬಿಟ್. ಇವತ್ತು ಕೂತು ಅದನ್ನೇ ಬರೆಯುತ್ತಿದ್ದೇನೆ.

ಆಗ ನಮ್ಮ ಮನೆ ಕಲಬುರಗಿಯ ಕಿಲ್ಲೆಯ ಕಡೆಗಿನ ಓಣಿಯಲ್ಲಿತ್ತು. ನಿಜಾಮರ ಆಳ್ವಿಕೆ. ಅಪ್ಪ ಅದಾಲತ್ತಿನಲ್ಲಿ ಪೇಶ್ಕಾರ, ಕೋರ್ಟಿನ ಗುಮಾಸ್ತ. ಬೆಳಿಗ್ಗೆ ಕಪ್ಪು ಶೇರ್ವಾನಿ, ಕೆಂಪು ರೂಮಿ ಟೋಪಿ ಹಾಕಿಕೊಂಡು ಹೋಗಿ, ದಿನವಿಡೀ ಉರ್ದುವಿನಲ್ಲಿ ಬರೆದು, ಸಂಜೆ ಮನೆಗೆ ಬಂದರೆ ಯಾವ ಭಾಷೆಯಲ್ಲೂ ಮಾತಾಡುತ್ತಿರಲಿಲ್ಲ. ಮಾಳಿಗೆ ಮನೆ, ಕಾಲಿಗೆ ತಣ್ಣಗೆ ತಾಗುವ ಶಹಾಬಾದ ಫರಸಿ, ಸುಣ್ಣ ಹೊಡೆದ ದಪ್ಪ ಗೋಡೆ, ಗೋಡೆಯೊಳಗೆ ದೀಪಕ್ಕೊಂದು, ದೇವರಿಗೊಂದು, ಉಪ್ಪಿನಕಾಯಿಗೊಂದು ಮಾಡ. ಈಗ ಅಲ್ಲಿ ಮೊಬೈಲ್ ಅಂಗಡಿಗಳಿವೆ ಎಂದು ಯಾರೋ ಹೇಳಿದರು. ನಾನು ನೋಡಲು ಹೋಗಿಲ್ಲ. ಆ ಮನೆಯನ್ನು ನಾನು ಸ್ವೀಟ್ ಹೋಮ್ ಎಂದು ಕರೆದರೆ ಸುಳ್ಳಾದೀತು. ಅದೊಂದು ಜಗಳದ ಮನೆ. ಕೂಗಾಟ ಇರಲಿಲ್ಲ. ಪಾತ್ರೆಯನ್ನು ಇಡಬೇಕಾದ್ದಕ್ಕಿಂತ ಒಂದು ಮಟ್ಟ ಜೋರಾಗಿ ಇಡುವ, ಒಬ್ಬರು ಕೂತ ಚಾಪೆಯನ್ನು ಅವರು ಎದ್ದ ಕೂಡಲೇ ಝಾಡಿಸುವ, ಉಣ್ಣಲು ಕರೆಯುವಾಗ ಒಂದು ಹೆಸರನ್ನು ಮಾತ್ರ ಮರೆಯುವ ಜಗಳ. ಮರೆಯುತ್ತಿದ್ದವಳು ನನ್ನ ಅವ್ವ. ಮರೆತ ಹೆಸರು ನನ್ನ ಸೋದರತ್ತೆ ನೀಲವ್ವನದು. ನಾನು ಅವಳನ್ನು ನೀಲತ್ತಿ ಎನ್ನುತ್ತಿದ್ದೆ.

ನೀಲತ್ತಿ ಅಪ್ಪನ ಒಬ್ಬಳೇ ತಂಗಿ. ಆಳಂದದ ಕಡೆ ಕೊಟ್ಟಿದ್ದರು. ಹತ್ತು ವರ್ಷ ಮಕ್ಕಳಾಗಲಿಲ್ಲ. ಗಂಡ ಇನ್ನೊಬ್ಬಳನ್ನು ಮಾಡಿಕೊಂಡ. ಒಂದು ಬೇಸಿಗೆಯಲ್ಲಿ ಬಂಡಿ ನಮ್ಮ ಬಾಗಿಲಿಗೆ ಬಂದು ನಿಂತಿತು; ಒಂದು ಟ್ರಂಕು ಇಳಿಯಿತು, ಆಮೇಲೆ ಅವಳು ಇಳಿದಳು. ಬಂಡಿಯವನು ನೀರು ಕೂಡ ಕುಡಿಯದೆ ತಿರುಗಿ ಹೋದ. ನನ್ನ ಬೆನ್ನಿಗೆ ಹುಟ್ಟಿದ ಎರಡು ಗಂಡು ಕೂಸುಗಳು ತಿಂಗಳು ತುಂಬುವ ಮೊದಲೇ ಹೋಗಿದ್ದವು. ಎರಡನೆಯದು ಹೋದದ್ದು ನೀಲತ್ತಿ ಬಂದ ಮೂರನೆಯ ವಾರ. ಅವ್ವ ಈ ಎರಡು ಸಂಗತಿಗಳನ್ನು ಒಂದೇ ದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡಳು, ಸಾಯುವವರೆಗೂ ತೆಗೆಯಲಿಲ್ಲ. ಅವ್ವನನ್ನು ಕೆಟ್ಟವಳು ಎಂದು ಬರೆಯಲು ನನ್ನ ಕೈ ಏಳುವುದಿಲ್ಲ. ಆದರೆ ಒಳ್ಳೆಯವಳೆಂದು ಬರೆಯಲೂ ಏಳುತ್ತಿಲ್ಲ.

ಜೇಡ ಕಟ್ಟಿದ ಮನೆಯಲ್ಲಿ ಸಂತಾನ ನಿಲ್ಲುವುದಿಲ್ಲ ಎಂದು ಅವ್ವನಿಗೆ ಯಾರು ಹೇಳಿದ್ದರೋ. ಸೋಮವಾರ ಬಂತೆಂದರೆ ಗಳ ಹಿಡಿದು ಪಡಸಾಲೆಯಿಂದ ಹೊರಡುವಳು. ಗಳ ಕೊನೆಗೆ ತಲುಪುತ್ತಿದ್ದದ್ದು ಜೋಳದ ಚೀಲಗಳ ನಡುವೆ ನೀಲತ್ತಿ ಮಲಗುತ್ತಿದ್ದ ಕತ್ತಲೆ ಕೋಣೆಗೆ. ಒಂದು ಸೋಮವಾರ ನೀಲತ್ತಿ ಬಾಗಿಲಿಗೆ ಅಡ್ಡ ನಿಂತದ್ದು ನೆನಪಿದೆ.

"ವೈನೀ, ಆ ಮೂಲ್ಯಾನದೊಂದು ಬಿಡ್ರಿ. ಬೇಕಾದ್ರ ನಾಳಿಗಿ ಬಡೀರಿ. ಇನ್ನಾ ನಡುವಿನ ಸುತ್ತು ಮುಗ್ಸಿಲ್ಲ ಅದು."

"ಅದು ಮುಗ್ಸೋತನ ನಾ ಗಳಾ ಹಿಡ್ಕೊಂಡ್ ನಿಂದರ್ಲೇನವ್ವಾ? ಮಜೂರಿ ಕೊಟ್ಟು ಹಚ್ಚೀಯೇನ ಅದಕ್ಕ?" ಎಂದು ಅವ್ವ ಅವಳ ತಲೆಯ ಮೇಲಿಂದಲೇ ಗಳ ಚಾಚಿ ಬಡಿದಳು. ಬಲೆ ನೀಲತ್ತಿಯ ಕೂದಲಿಗೆ ಅಂಟಿತು. ಅವಳು ಒರೆಸಿಕೊಳ್ಳಲಿಲ್ಲ. ಕೋಣೆಯೊಳಗೆ ಹೋಗಿ, ಸೆರಗಿನ ಒಳಮೈಯನ್ನು ತೊಡೆಯ ಮೇಲೆ ಹರವಿಕೊಂಡು, ಮರೆಯುವ ಮೊದಲೇ ಅಲ್ಲಿಯತನಕದ ಸುತ್ತುಗಳನ್ನು ಹೊಲಿಯತೊಡಗಿದಳು. ಅಕ್ಷರ ಬಾರದ ನೀಲತ್ತಿಯ ಸ್ಕೆಚ್‌ಬುಕ್ ಅದು, ಅವಳ ಹಳೆಯ ಇಳಕಲ್ ಸೀರೆಯ ಸೆರಗಿನ ಒಳಗಿನ ಮಗ್ಗುಲು. ಹೊರಗಿನಿಂದ ನೋಡಿದರೆ ಬಡ ಹೆಂಗಸಿನ ಮಾಸಿದ ಸೀರೆ. ಒಳಗೆ ಇರುವೆಗಳು, ಮಿಡತೆಗಳು, ಕಣಜದ ಸೊಂಟ, ಜಾಲಿಮರದ ಕೆಳಗೆ ಸತ್ತು ಬಿದ್ದ ಜೀರಂಗಿಯ ಹಸಿರು ರೆಕ್ಕೆ. ಅವಳ ಕಣ್ಣು ಸಣ್ಣದನ್ನೆಲ್ಲ ಕಾಣುತ್ತಿತ್ತು, ಸೂಜಿಯ ಕಣ್ಣೊಂದನ್ನು ಬಿಟ್ಟು. ದಾರ ಪೋಣಿಸಿಕೊಡುವುದು ನನ್ನ ಕೆಲಸ. "ಶರಣೀ" ಎಂದು ಕರೆದಳೆಂದರೆ ಎಲ್ಲಿದ್ದರೂ ಓಡುತ್ತಿದ್ದೆ. ದಾರವನ್ನು ಎಂಜಲು ಹಚ್ಚಿ ಚೂಪು ಮಾಡಿ, ಒಂದೇ ಸಲಕ್ಕೆ ದಾಟಿಸಿ ಕೊಟ್ಟರೆ, ಅವಳು ನನ್ನ ಗಲ್ಲ ಹಿಂಡಿ, ನೀನು ನನ್ನ ಕಣ್ಣು ಎನ್ನುವಳು. ನನಗೆ ಆಗ ಒಂಬತ್ತು ವರ್ಷ.

ಹುಳಗಳನ್ನು ನೋಡುವುದನ್ನು ಅವಳು ಕಲಿತದ್ದು ಕಮಲಾಪುರದಲ್ಲಿ. ಅಲ್ಲಿ ನಮ್ಮದೊಂದು ಬಾಳೆ ತೋಟ. ಕೆಂಬಾಳೆ, ಸಿಪ್ಪೆಯೇ ಸಂಜೆಯ ಬಣ್ಣದ್ದು. ದೀಪಾವಳಿ ಮುಗಿದ ಮೇಲೆ ಅಪ್ಪ ಗೊನೆ ನೋಡಲು ಬಂಡಿ ಕಟ್ಟಿಸಿದರೆ ನಾವಿಬ್ಬರೂ ಹತ್ತಿಕೊಳ್ಳುತ್ತಿದ್ದೆವು. ಬೆಳಗಿನ ತೋಟದಲ್ಲಿ ಒದ್ದೆ ಎಲೆಯ ವಾಸನೆ, ಬಾವಿಯ ಗಾಲಿಯ ಕಿರುಗುಟ್ಟುವಿಕೆ. ಎರಡು ಗಿಡಗಳ ನಡುವೆ ಮಂಜಿನ ಹನಿ ಹೊತ್ತ ಬಲೆ, ಅದರ ನಟ್ಟನಡುವೆ ಹಳದಿ ಪಟ್ಟೆಯ ದೊಡ್ಡ ಜೇಡ. ಅದಕ್ಕೆ ಎಷ್ಟು ಕಾಲು ಹೇಳು ಎಂದು ಕೇಳಿದಳು. ನಾಲ್ಕು ಎಂದೆ. "ನಾಕ ಕಾಣ್ತಾವ, ಎಂಟ ಅವ. ಜೋಡಿ ಮಾಡಿ ಇಟ್ಕೊಂಡದ. ನೋಡಿದ್ದು ಬ್ಯಾರೆ, ಎಣಿಸಿದ್ದು ಬ್ಯಾರೆ" ಎಂದಳು. ಆ ಜೇಡ ಬಲೆಯ ನಡುವೆ ದಪ್ಪ ಬಿಳಿ ನೂಲಿನಲ್ಲಿ ಹಾವಿನ ನಡೆಯಂಥ ಒಂದು ಗೆರೆ ಹೆಣೆದಿತ್ತು. ನೊಣ ಹಿಡಿಯಲು ಅದರ ಅವಶ್ಯಕತೆಯೇ ಇಲ್ಲ. ಬರೇ ಚೆಂದಕ್ಕೆ ಹಾಕಿದ್ದು ಎಂಬುದು ನೀಲತ್ತಿಯ ನಂಬಿಕೆ. ಅವತ್ತಿನಿಂದ ಅವಳ ಪ್ರತಿಯೊಂದು ಹೊಲಿಗೆಯ ಸಾಲೂ ಕೊನೆಯಲ್ಲಿ ಹಾಗೆಯೇ ಬಳುಕಿ ಮುಗಿಯತೊಡಗಿತು. ಜೂನ್ ಮೊದಲಿಗೆ ಮಿರಗದ ಮಳೆ ಬಿದ್ದಾಗ ಮಣ್ಣಿನಿಂದ ಏಳುವ ಕೆಂಪು ಮಖಮಲ್ಲಿನ ಹುಳಗಳನ್ನು ಓಣಿಯ ಮಕ್ಕಳೆಲ್ಲ ಹಿಡಿಯುತ್ತಿದ್ದೆವು. ಪಕ್ಕದ ಮನೆಯ ಬೀಬಿ ಅದನ್ನು ಬೀರಬಹೂಟಿ ಎನ್ನುತ್ತಿದ್ದಳು. ನೀಲತ್ತಿ ಅದನ್ನು ಅಂಗೈ ಮೇಲೆ ಬಿಟ್ಟುಕೊಂಡು ಉಸಿರು ಬಿಗಿಹಿಡಿದು ಕೂರುವಳು. ಸೆರಗಿನಲ್ಲಿ ಅದಕ್ಕೂ ಎಂಟೇ ಕಾಲು ಹೊಲಿದಳು. ಹುಳಕ್ಕೆ ಆರು ಕಾಲೆಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರಿಂದ ನಾನು ವಾದ ಮಾಡಿದೆ. ಎರಡು ಮೂರು ವರ್ಷದ ಮೇಲೆ ಸಿಕಂದರಾಬಾದಿನ ಕಾನ್ವೆಂಟಿನಲ್ಲಿ, ನೇಚರ್ ಸ್ಟಡಿ ಕ್ಲಾಸಿನಲ್ಲಿ, ನಮ್ಮ ಐರಿಶ್ ಸಿಸ್ಟರ್ ಮ್ಯಾಗ್ನಿಫೈಯಿಂಗ್ ಗ್ಲಾಸ್ ಹಿಡಿಸಿ ಅದೇ ಕೆಂಪು ಹುಳ ತೋರಿಸಿದರು. "ಕೌಂಟ್ ದ ಲೆಗ್ಸ್, ಶ್ಯಾರನ್" ಎಂದರು. ಶರಣಮ್ಮನಾದ ನಾನು ಅವರ ಬಾಯಲ್ಲಿ ಶ್ಯಾರನ್ ಆಗಿದ್ದೆ. ಎಣಿಸಿದೆ. ಎಂಟು. ಅದು ಜೇಡದ ಬಳಗದ್ದಂತೆ. ಗ್ಲಾಸಿಲ್ಲದೆ ಕಂಡವಳು ಆ ಹೊತ್ತಿಗೆ ನಮ್ಮ ಮನೆಯಲ್ಲಿರಲಿಲ್ಲ.

ಅವ್ವ ಮತ್ತೆ ಬಸುರಾದಾಗ ಮನೆಯ ಗಾಳಿಯೇ ಬಿಗಿಯಿತು. ಈ ಸಲ ಕೂಸು ಉಳಿಯಬೇಕಾದರೆ ನೀಲವ್ವ ಈ ಮನೆಯಲ್ಲಿ ಇರಕೂಡದು, ಕಮಲಾಪುರದ ತೋಟದ ಗುಡಿಸಲಿಗೆ ಕಳಿಸಿರಿ ಎಂದು ಅವ್ವ ಅಪ್ಪನ ಎದುರು ಹಟ ಹಿಡಿದಳು. ಅಲ್ಲಿ ಕಾವಲಿಗಿದ್ದದ್ದು ಕಿವುಡ ಚನ್ನಪ್ಪಜ್ಜ ಒಬ್ಬನೇ. ಅಪ್ಪ ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ. ಅದಾಲತ್ತಿನಲ್ಲಿ ಮಾಡುವಂತೆ ಮುಂದಿನ ತಾರೀಖು ಕೊಟ್ಟರು. ತೊಟ್ಟಿಲಿಗೆ ಹಾಕುವ ಕೌದಿ ಸೋದರತ್ತೆಯ ಕೈಯದೇ ಆಗಬೇಕು, ಹೆಸರು ಅವಳೇ ಕರೆಯಬೇಕು, ಅದು ತಪ್ಪಬಾರದು. ತೊಟ್ಟಿಲ ದಿನ ಸುಸೂತ್ರ ಆದರೆ ಅವಳು ಇಲ್ಲಿಯೇ ಇರಲಿ, ಆಗದಿದ್ದರೆ ನೀನು ಹೇಳಿದಂತೆ ಎಂದರು. ತೋಟದ ಮಾತು ಕೇಳಿ ನನಗೆ ಖುಷಿಯಾಯಿತು. ತೋಟಕ್ಕೆ ಹೋದರೆ ದಿನವೂ ಜೇಡ ನೋಡಬಹುದಲ್ಲ ಅತ್ತಿ ಎಂದೂ ಅಂದೆ. ಅವಳು ಸೂಜಿ ನಿಲ್ಲಿಸಿದಳು. "ಹುಳ ನೋಡ್ಲಾಕ ತ್ವಾಟ ಸಾಕು ಶರಣಿ. ಹೊಲ್ದದ್ದು ನೋಡ್ಲಾಕ ಮಂದಿ ಬೇಕು."

ಕೌದಿಯ ಮೇಲೆ ಒಂದೇ ಒಂದು ಹುಳ ಕಂಡರೂ ಒಲೆಗೆ ಹಾಕುತ್ತೇನೆ ಎಂದು ಅವ್ವ ಮೊದಲೇ ಹೇಳಿಟ್ಟಿದ್ದಳು. ನೀಲತ್ತಿ ತಲೆ ಆಡಿಸಿದಳು. ಬಜಾರಿನ ದರ್ಜಿಯ ಅಂಗಡಿಯಿಂದ ನಾನು ಆಯ್ದು ತಂದ ಚಿಂದಿಗಳು, ಅಪ್ಪನ ಹಳೆಯ ಧೋತರ, ನನ್ನ ಹರಿದ ಪರಕಾರ, ಎಲ್ಲವನ್ನೂ ಕೂಡಿಸಿ ಮೂರು ತಿಂಗಳು ಹೊಲಿದಳು. ಕೌದಿಯ ಹೊಲಿಗೆ ಅಂಚಿನಿಂದ ಒಳಗೆ ಹೋಗುತ್ತದೆ, ಸುತ್ತು ಸುತ್ತಾಗಿ, ನಡುವಿಗೆ. ಜೇಡವೂ ಅಂಟಿನ ಸುತ್ತುಗಳನ್ನು ಹಾಗೆಯೇ ಹೊರಗಿನಿಂದ ಒಳಕ್ಕೆ ಹಾಕುತ್ತದೆ. ಅದು ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ನಾಲ್ಕು ಮೂಲೆಗೆ ಅಪ್ಪನ ಸವೆದ ರೂಮಿ ಟೋಪಿಯಿಂದ ಕತ್ತರಿಸಿದ ಕೆಂಪು ಬಿಲ್ಲೆಗಳು, ಪ್ರತಿಯೊಂದರ ಸುತ್ತ ಎಂಟು ಸಣ್ಣ ಹೊಲಿಗೆ. ನೋಡಿದವರಿಗೆಲ್ಲ ದಾಸವಾಳ. ಅವ್ವ ಅದನ್ನು ನೋಡಿ, ಇದು ಇವರ ಟೋಪಿಯಲ್ಲವೇ ಎಂದು ಬಾಯಿಗೆ ಸೆರಗು ಹಿಡಿದು ನಕ್ಕಳು. ನೀಲತ್ತಿಯ ಮುಂದೆ ಅವ್ವ ನಕ್ಕದ್ದನ್ನು ನಾನು ಕಂಡದ್ದು ಅದೊಂದೇ ಸಲ. ಕೂಸು ಹುಟ್ಟಿತ್ತು, ಗಂಡು, ಗಟ್ಟಿ ದನಿಯದು. ಬಾಣಂತಿ ಕೋಣೆಯ ಬಾಗಿಲಲ್ಲಿ ಕೌದಿ ಹಿಡಿದು ನಿಂತ ನೀಲತ್ತಿಗೆ ಅವ್ವ, ಒಳಗೆ ಬಾ, ಅಲ್ಲೇ ಯಾಕೆ ನಿಂತೆ ಎಂದಳು.

ಇನ್ನು ಉಳಿದದ್ದು ಕೌದಿಯ ಹೊಟ್ಟೆ ತುಂಬಿಸುವುದು. ನಮ್ಮ ಕಡೆ ಕೌದಿಯ ನಟ್ಟನಡುವೆ ಕೈ ಹೋಗುವಷ್ಟು ಜಾಗ ಬಿಟ್ಟು, ಅದರೊಳಗೆ ಒಣ ರೊಟ್ಟಿಯ ಚೂರೊಂದನ್ನು ಇಟ್ಟು ಕೊನೆಯ ಹೊಲಿಗೆ ಹಾಕುತ್ತಾರೆ. ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ ಎಂದು ನಂಬಿಕೆ. ತೊಟ್ಟಿಲಿಗೆ ಎರಡು ದಿನ ಮುಂಚೆ, ಅಮಾವಾಸ್ಯೆಯ ದಿನ, ನೀಲತ್ತಿ ನನ್ನನ್ನು ಕರೆದು, ನೀನೇ ತುಂಬಿಸು, ಹೋಗಿ ಬುಟ್ಟಿಯಿಂದ ರೊಟ್ಟಿ ಚೂರು ತಾ ಎಂದಳು. ಅಡುಗೆಮನೆಯಲ್ಲಿ ಹೋಳಿಗೆ ಮಾಡಿಟ್ಟಿದ್ದರು. ತುಪ್ಪ, ಬೆಲ್ಲ, ಏಲಕ್ಕಿ, ಮನೆಯೆಲ್ಲ ಘಮಘಮ. ರೊಟ್ಟಿಯ ಬುಟ್ಟಿಗೆ ಕೈ ಹಾಕಿದೆ, ನಿನ್ನೆಯದು, ಸೆಟೆದಿತ್ತು. ಇಷ್ಟು ಚೆಂದದ ಕೌದಿಗೆ ಇದೇ ಊಟವೇ ಎನ್ನಿಸಿತು. ಹೋಳಿಗೆಯ ಕಾಲು ಭಾಗ ಮುರಿದು ಮುಷ್ಟಿಯಲ್ಲಿ ಮುಚ್ಚಿಕೊಂಡು ಬಂದು, ಕೌದಿಯ ಹೊಟ್ಟೆಯೊಳಗೆ ಕೈ ತೂರಿಸಿ, ಮೆತ್ತಗೆ ಒತ್ತಿಟ್ಟೆ. ಆ ಹೊತ್ತಿಗೆ ನೀಲತ್ತಿ ತಾನೇ ಸೂಜಿಗೆ ದಾರ ಪೋಣಿಸಲು ಒದ್ದಾಡುತ್ತಿದ್ದಳು. ದಿನದಂತೆ ನಾನು ದಾರ ಪೋಣಿಸಿಕೊಡುತ್ತಿದ್ದರೆ ಅವಳ ಕಣ್ಣು ನನ್ನ ಕೈ ಮೇಲಿರುತ್ತಿತ್ತು. ಆಯ್ತೇನ ಎಂದಳು. ಆಯ್ತು ಎಂದೆ. ಬಾಯಿ ಹೊಲಿದು, ಬಳುಕುವ ಗೆರೆಯೊಂದನ್ನು ಎಳೆದು, ಹಲ್ಲಿನಲ್ಲಿ ದಾರ ಕಡಿದಳು.

ತೊಟ್ಟಿಲ ದಿನ ಓಣಿಯ ಹೆಣ್ಣುಮಕ್ಕಳೆಲ್ಲ ನೆರೆದಿದ್ದರು. ಮಡಚಿಟ್ಟ ಕೌದಿಯನ್ನು ಮಾಡದಿಂದ ತಂದು ಹಾಗೆಯೇ ತೊಟ್ಟಿಲಿಗೆ ಹಾಸಿದರು. ಒಬ್ಬೊಬ್ಬರೂ ಬಗ್ಗಿ ಮುಟ್ಟಿ ನೋಡಿದರು. ನೀಲತ್ತಿ ಹೊಸ ಕುಪ್ಪಸ ತೊಟ್ಟು, ಕೂಸಿನ ಕಿವಿಯಲ್ಲಿ ಶಿವಲಿಂಗ ಎಂದು ಹೆಸರು ಕರೆದಳು. ಹೆಸರಿಟ್ಟ ಸೋದರತ್ತೆಯ ಬೆನ್ನಿಗೆ ಗುದ್ದುವುದು ಪದ್ಧತಿ, ಆಟಕ್ಕೆ. ಅವತ್ತು ನನ್ನ ದೊಡ್ಡವ್ವ, ಚಿಗವ್ವರ ಕೈ ಆಟದ್ದಾಗಿರಲಿಲ್ಲ. ಗುದ್ದಿನ ಸದ್ದು ಫರಸಿಗೆ ಕೇಳುತ್ತಿತ್ತು. ಆದರೂ ಅವಳು ಬಗ್ಗಿದ ಬೆನ್ನಿನಲ್ಲೇ ನಗುತ್ತಿದ್ದಳು. ಜೋಗುಳ ಮುಗಿಯಿತು, ಕೂಸು ಮಲಗಿತು. ಹೆಂಗಸರು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಾಗ ಕೂಸು ಚಿಟ್ಟನೆ ಚೀರಿತು. ಅಂಥ ಚೀರುವಿಕೆ ಆ ಮನೆಯಲ್ಲಿ ಎರಡು ಸಲ ಕೇಳಿದ್ದ ಅವ್ವ ಬಾಣಂತಿ ಎನ್ನುವುದನ್ನೂ ಮರೆತು ಓಡಿಬಂದಳು. ಎತ್ತಿಕೊಂಡಾಗ ಕೂಸಿನ ತೊಡೆ, ಹೊಟ್ಟೆ, ಕೊರಳಿನ ಮಡಿಕೆಯ ತುಂಬ ಕೆಂಪಿರುವೆ.

ಯಾರೋ ಕೌದಿ ಎಳೆದು ಅಂಗಳಕ್ಕೆ ಎಸೆದರು. ನಡುವಿನ ಹೊಲಿಗೆಯ ಸಂದಿಯಿಂದ ಇರುವೆಗಳು ಹೊರಬರುತ್ತಲೇ ಇದ್ದವು. ಅವ್ವ ಕೂಗಲಿಲ್ಲ. ಕೂಸನ್ನು ಎದೆಗೆ ಒತ್ತಿಕೊಂಡು ತಣ್ಣಗೆ ಹೇಳಿದಳು: "ಹುಳಾ ನೋಡಿ ನೋಡಿ ಹುಳಾನ ಕರ್ಕೊಂಡ್ ಬಂದ್ಲು. ತನ್ನ ಹೊಟ್ಟ್ಯಾಗ ಇಲ್ಲಂತ ನನ್ನ ಹೊಟ್ಟಿ ಬರಿದು ಮಾಡ್ಲಾಕ ನಿಂತಾಳ." ನೀಲತ್ತಿ ಅಂಗಳಕ್ಕಿಳಿದು ಕೂತಳು. ನಡುವಿನ ಹೊಲಿಗೆಯನ್ನು ಹಲ್ಲಿನಿಂದ ಬಿಚ್ಚಿ, ಎರಡು ಬೆರಳು ಒಳಗೆ ಹಾಕಿ ಹೊರತೆಗೆದಳು. ಹೂರಣ ಅಂಟಿದ ಬೆರಳು. ಅದನ್ನು ನೋಡಿದಳು, ಆಮೇಲೆ ನನ್ನನ್ನು. ಬಹಳ ಹೊತ್ತು ನೋಡಿದಳು. ನಾನು ಈಗ ಹೇಳುತ್ತೇನೆಂದು ಅವಳು ಕಾಯುತ್ತಿದ್ದಾಳೆಂದು ಒಂಬತ್ತರ ಹುಡುಗಿಗೂ ಗೊತ್ತಾಯಿತು. ನಾನು ಬಾಗಿಲ ಹಿಂದೆ ಸರಿದೆ. ಅವಳು ಎದ್ದು, "ನಂದೇ ತಪ್ಪು ವೈನಿ. ರೊಟ್ಟಿ ಬದ್ಲಿ ಹೋಳಿಗಿ ಇಟ್ಟೆ" ಎಂದಳು. ಶೇರ್ವಾನಿಯ ಗುಂಡಿ ಹಾಕಿಕೊಂಡೇ ನಿಂತಿದ್ದ ಅಪ್ಪ ಅವತ್ತು ತೀರ್ಪು ಮುಂದೆ ಹಾಕಲಿಲ್ಲ. "ನಾಳಿ ಬಂಡಿ ಕಟ್ಟಸ್ತೀನಿ" ಎಂದರು.

ಮಾರನೆಯ ಬೆಳಿಗ್ಗೆ ಅದೇ ಟ್ರಂಕು ಬಂಡಿ ಹತ್ತಿತು. ಸುಟ್ಟುಹಾಕಬೇಕೆಂದಿದ್ದ ಕೌದಿಯೊಂದನ್ನು ಮಾತ್ರ ಅವಳು ಕೇಳಿ ತೆಗೆದುಕೊಂಡಳು. ನನ್ನ ಕಡೆ ನೋಡಲಿಲ್ಲ. ಎರಡು ದಿನಕ್ಕೆ ಕೂಸಿನ ಬಾವು ಇಳಿಯಿತು. ನನ್ನ ತಮ್ಮ ಎಪ್ಪತ್ತು ವರ್ಷ ಗಟ್ಟಿಯಾಗಿ ಬದುಕಿದ, ಮೈಮೇಲೆ ಒಂದು ಕಲೆಯಿರಲಿಲ್ಲ. ಅವನು ಉಳಿದದ್ದು ನೀಲವ್ವ ಹೋದದ್ದರಿಂದ ಎಂದು ಅವ್ವ ಕಡೆಯತನಕ ನಂಬಿದ್ದಳು. ನಾನು ಅವಳಿಗೂ ಹೇಳಲಿಲ್ಲ. ಮರುವರ್ಷ ನನ್ನನ್ನು ಕಾನ್ವೆಂಟಿಗೆ ಕಳಿಸಿದರು. ಅಲ್ಲಿ ಶನಿವಾರ ಕ್ರಿಶ್ಚಿಯನ್ ಹುಡುಗಿಯರು ಸಾಲಾಗಿ ಕನ್ಫೆಷನ್ನಿಗೆ ಹೋಗುವರು. ಮರದ ಜಾಳಿಗೆಯ ಮುಂದೆ ಐದು ನಿಮಿಷ ಕೂತು, ಮುಖ ತೊಳೆದವರಂತೆ ಹೊರಗೆ ಬರುವರು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ನನಗೆ ಆ ಸಾಲಿನಲ್ಲಿ ಜಾಗವಿರಲಿಲ್ಲ. ನಾನು ವರಾಂಡದಲ್ಲಿ ನಿಂತು, ಹೇಳಬೇಕಾದ ವಾಕ್ಯವನ್ನು ಕನ್ನಡದಲ್ಲೊಮ್ಮೆ, ಇಂಗ್ಲಿಷಿನಲ್ಲೊಮ್ಮೆ ಪ್ರ್ಯಾಕ್ಟಿಸ್ ಮಾಡುತ್ತಿದ್ದೆ.

ಆಮೇಲೆ ಅವಳನ್ನು ನೋಡಿದ್ದು ಒಂದೇ ಸಲ. ನನ್ನ ಮದುವೆ ಗೊತ್ತಾಗಿತ್ತು; ಕಮಲಾಪುರದ ನೆಂಟರಿಗೆ ಲಗ್ನಪತ್ರಿಕೆ ಕೊಡಲು ಅಪ್ಪ ಹೊರಟಾಗ ನಾನೂ ಹಟ ಮಾಡಿ ಮೋಟಾರು ಹತ್ತಿದೆ. ಅಪ್ಪ ಊರೊಳಗೆ ಉಳಿದರು. ನಾನು ಒಬ್ಬಳೇ ತೋಟಕ್ಕೆ ನಡೆದೆ. ಚನ್ನಪ್ಪಜ್ಜ ತೀರಿಕೊಂಡು ಎಷ್ಟೋ ದಿನವಾಗಿತ್ತು. ಗುಡಿಸಲಿನ ಮುಂದೆ ನೀಲತ್ತಿ ರೊಟ್ಟಿ ಬಡಿಯುತ್ತಿದ್ದಳು. ಕೂದಲು ಅರ್ಧ ಬಿಳಿ. ಬಾ ಎಂದಳೇ ಹೊರತು ಏಳಲಿಲ್ಲ. ಒಳಗೆ ಹಗ್ಗದ ಮೇಲೆ ಆ ಕೌದಿ ಹರವಿತ್ತು. ಹತ್ತಿರ ಹೋಗಿ ನೋಡಿದೆ. ಅಂಚಿನಿಂದ ನಡುವಿನವರೆಗೆ, ಸುತ್ತುಗಳನ್ನೆಲ್ಲ ದಾಟಿ, ಕೆಂಪು ನೂಲಿನ ಇರುವೆಗಳ ಸಾಲು. ನೂರಾರು, ಒಂದೊಂದಕ್ಕೂ ಆರು ಕಾಲು. ಹರಿದ ನಡುವಿಗೆ ಹೋಳಿಗೆಯ ಬಣ್ಣದ ಗುಂಡನೆಯ ಹಳದಿ ತೇಪೆ, ಅದರ ಕಾಲು ಭಾಗ ಕತ್ತರಿಸಿ ತೆಗೆದದ್ದು. ಅದರಷ್ಟು ಚೆಂದದ್ದನ್ನು ಮುಂದೆ ಯಾವ ಮ್ಯೂಸಿಯಮ್ಮಿನಲ್ಲೂ ನಾನು ನೋಡಲಿಲ್ಲ. ಎಂಟು ವರ್ಷದಲ್ಲಿ ಅದನ್ನು ನೋಡಿದ ಮೊದಲನೆಯವಳು ನಾನೇ ಇರಬೇಕು.

"ಅತ್ತೀ, ಅವತ್ತು ಆ ಹೋಳಿಗಿ..." ಎಂದು ಶುರು ಮಾಡಿದೆ. ವರಾಂಡದಲ್ಲಿ ಅಷ್ಟು ವರ್ಷ ಬಾಯಿಪಾಠ ಮಾಡಿದ ಮಾತು.

"ಸುಮ್ಕಿರು ಶರಣಿ" ಎಂದಳು, ಹಂಚಿನ ಮೇಲಿನ ರೊಟ್ಟಿ ತಿರುವುತ್ತ. "ಅವತ್ತು ಹೇಳಿದ್ರ ನನಗ ಬೇಕಾಗಿತ್ತು. ಈಗ ಹೇಳಿದ್ರ ನಿನಗಷ್ಟ ಬೇಕು."

ರೊಟ್ಟಿ ಕೊಟ್ಟಳು, ಎರಡು ಕೆಂಬಾಳೆ ಕೊಟ್ಟಳು. ಪತ್ರಿಕೆ ಕೊಟ್ಟೆ, ಮಾಡದಲ್ಲಿಟ್ಟಳು. ಮದುವೆಗೆ ಬರಲಿಲ್ಲ. ಅದರ ಮರುವರ್ಷ ಜ್ವರದಲ್ಲಿ ಹೋದಳೆಂದು ಅಪ್ಪ ಬರೆದರು. ಕೌದಿ ಏನಾಯಿತೆಂದು ಬರೆಯಲಿಲ್ಲ.

ಅವತ್ತು ಹೊರಟು, ಬಾಳೆಯ ಸಾಲಿನ ಕೊನೆಗೆ ಬಂದು ಹಿಂತಿರುಗಿ ನೋಡಿದೆ. ಅವಳು ಆಗಲೇ ಗುಡಿಸಲು ಬಿಟ್ಟು ಬಂದು, ಎರಡು ಗಿಡಗಳ ನಡುವಿನ ಬಲೆಯೆದುರು ಕುಕ್ಕರಗಾಲಲ್ಲಿ ಕೂತಿದ್ದಳು. ಸೆರಗಿನ ಒಳಮೈ ತೊಡೆಯ ಮೇಲೆ ಹರವಿತ್ತು. ಸೂಜಿಯನ್ನು ಬೆಳಕಿಗೆ ಹಿಡಿದು ದಾರ ಪೋಣಿಸುತ್ತಿದ್ದಳು. ಒಂದು ಸಲ ಹೋಗಲಿಲ್ಲ. ಬಾಯಿಗೆ ಹಾಕಿ ಚೂಪು ಮಾಡಿದಳು, ಮತ್ತೆ ಹೋಗಲಿಲ್ಲ. ನಾನು ಅಲ್ಲಿಯೇ ನಿಂತೆ. ಶರಣೀ ಎಂದು ಕರೆದರೆ ಓಡಿಹೋಗಲು ನನ್ನ ಕಾಲು ತಯಾರಾಗಿದ್ದವು. ಅವಳು ಕರೆಯಲಿಲ್ಲ. ಮೂರನೆಯ ಸಲಕ್ಕೆ ದಾರ ಹೋಯಿತು.